ಸೋದರಮಾವನ ತೊಡೆ

ಮಸ್ಕತ್ತಿನಿಂದ ನಾನು ಅಣ್ಣನಿಗೆ ಬರೆಯುತ್ತಿದ್ದ ಕಾಗದಗಳಲ್ಲಿ ನನ್ನ ಮಗಳ ಕೂದಲು ಬಹಳ ಚೆನ್ನಾಗಿ ಬೆಳೆಯುತ್ತಿತ್ತು. ಒಂದು ಕಾಗದದಲ್ಲಿ ಕಿವಿ ಮುಚ್ಚಿತು, ಇನ್ನೊಂದರಲ್ಲಿ ಕತ್ತಿನವರೆಗೆ ಬಂತು, ಮೂರನೆಯದರಲ್ಲಿ ಪುಟ್ಟ ಜುಟ್ಟು ಕಟ್ಟುವಷ್ಟಾಯಿತು. ನಿಜದಲ್ಲಿ ಅವಳ ತಲೆ ಆಗಷ್ಟೇ ಬೋಳಾಗಿ, ಕೈಯಾಡಿಸಿದರೆ ಚುಚ್ಚುತ್ತಿತ್ತು. ಸುಳ್ಳನ್ನು ಇಷ್ಟು ವಿವರವಾಗಿ ಬರೆಯಬಲ್ಲೆನೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಇದು ಎಂಬತ್ತರ ದಶಕದ ಮಾತು. ನನ್ನ ತವರು ಬೇಗೂರು. ಅಪ್ಪ ತೀರಿಕೊಂಡ ಮೇಲೆ ಇದ್ದ ರಾಗಿ ಹೊಲವನ್ನೂ ನೋಡಿಕೊಂಡು, ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೂ ದುಡಿದು ನನ್ನ ಮದುವೆ ಮಾಡಿದವನು ಅಣ್ಣ. ಗಂಡು ಹುಡುಕಿದ್ದೂ ಅದೇ ಕಾರ್ಖಾನೆಯಲ್ಲೇ. ಪಕ್ಕದ ಶೆಡ್ಡಿನ ವೆಲ್ಡರ್. ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ವೆಲ್ಡರನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಬಸ್ಸು ಹತ್ತಿ ಮಾರ್ಕೆಟ್ಟಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವೆಂದುಕೊಂಡಿದ್ದ ನಾನು ವಿಮಾನ ಹತ್ತಿದೆ. ಮಗಳು ಹುಟ್ಟಿದ್ದು ಅಲ್ಲೇ.

ನಮ್ಮ ಕಡೆ ಮಗುವಿನ ಹುಟ್ಟುಗೂದಲು ತೆಗೆಸುವುದಕ್ಕೆ ಮುಡಿ ಕೊಡುವುದು ಅನ್ನುತ್ತಾರೆ. ದೇವಸ್ಥಾನದ ಮುಂದೆ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಡಿ ತೆಗೆಸಬೇಕು, ಆಮೇಲೆ ಅವನು ತಂದ ಹೊಸ ಬಟ್ಟೆಯನ್ನೇ ಮಗುವಿಗೆ ಹಾಕಬೇಕು. ಅಣ್ಣನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಊರಲ್ಲಿ ಎಷ್ಟೋ ಮಕ್ಕಳ ಮುಡಿಗೆ ಹೋಗಿ ಊಟ ಮಾಡಿ ಬಂದವನು ಅವನು. ತೊಡೆಯ ಮೇಲೆ ಒಂದು ಮಗು ಕೂರುವ ಯೋಗ ಅವನಿಗೆ ನನ್ನಿಂದ ಮಾತ್ರ ಬರಬೇಕಿತ್ತು. ಮಗಳು ಹುಟ್ಟಿದ ಮೇಲೆ ಅವನ ಪ್ರತಿ ಕಾಗದದ ಕೊನೆಯ ಸಾಲು ಒಂದೇ: "ಮಗೀನ ತಲೆಗೆ ಕತ್ರಿ ತಾಕಿಸ್ಬೇಡ ಕಣವ್ವ. ನೀವು ರಜಕ್ಕೆ ಬರೋಗಂಟ ಅಂಗೇ ಇರ್ಲಿ." ಕಂಪನಿ ರಜ ಕೊಡುತ್ತಿದ್ದುದು ಮೂರು ವರ್ಷಕ್ಕೊಮ್ಮೆ. ಅಷ್ಟು ಹೊತ್ತಿಗೆ ಮಗುವಿಗೆ ಮೂರನೇ ವರ್ಷ ನಡೆಯುತ್ತಿರುತ್ತದೆ, ಬೆಸ ವರ್ಷ ಒಳ್ಳೆಯದೇ ಎಂದು ಅವನೇ ಲೆಕ್ಕ ಹಾಕಿ ಬರೆದಿದ್ದ.

ಪರದೇಶದಲ್ಲಿ ನಮ್ಮ ಶುಭಕಾರ್ಯಗಳೆಲ್ಲ ಒಂದೇ ಕೋಣೆಯಲ್ಲಿ ಮುಗಿಯುತ್ತಿದ್ದವು. ಮಗಳ ನಾಮಕರಣಕ್ಕೆ ತೊಟ್ಟಿಲಿರಲಿಲ್ಲ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅರ್ಧಕ್ಕೆ ಕತ್ತರಿಸಿ, ನನ್ನ ಧಾರೆ ಸೀರೆಯನ್ನು ಮಡಚಿ ಹಾಸಿ ಮಲಗಿಸಿದೆವು. ಪಕ್ಕದ ಮನೆಯ ಮಂಗಳೂರಿನ ಗಂಡಹೆಂಡಿರೇ ನಮ್ಮ ಬಂಧುಬಳಗ. ಸೋದರತ್ತೆಯ ಬದಲು ಆಕೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರು. ಕೇಸರಿಬಾತು ತಿಂದು, ಹನ್ನೊಂದು ಗಂಟೆಗೆಲ್ಲ ಪಾತ್ರೆ ತೊಳೆದಿಟ್ಟಿದ್ದೆ. "ನೀವ್ಯಾರೂ ಇಲ್ಲದೆ ಬಿಕೋ ಅಂತಿತ್ತು" ಎಂದು ಊರಿಗೆ ಬರೆದೆ. ಬಿಕೋ ಅನ್ನುತ್ತಿರಲಿಲ್ಲ, ಹಾಯೆನಿಸಿತ್ತು. ಯಾರಿಗೆ ಮೊದಲು ಕುಂಕುಮ ಕೊಟ್ಟೆ, ಯಾರನ್ನು ಊಟಕ್ಕೆ ಎಬ್ಬಿಸಲು ಮರೆತೆ ಎಂದು ಮುಖ ಊದಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ನನ್ನ ತಪ್ಪು ಶುರುವಾದದ್ದು ಆ ಹಾಯಿಯಿಂದಲೇ ಎಂದು ಈಗ ಅನ್ನಿಸುತ್ತದೆ.

ಮಗಳಿಗೆ ಹನ್ನೊಂದು ತಿಂಗಳಾದಾಗ ಅಲ್ಲಿಯ ಬೇಸಿಗೆ ತಲೆಯ ಮೇಲೆ ಕೂತಿತು. ಬೆವರಿಗೆ ಅವಳ ನೆತ್ತಿಯೆಲ್ಲ ಗುಳ್ಳೆ ಎದ್ದು, ಕೆರೆದುಕೊಂಡು ಅಳುತ್ತಿದ್ದಳು. ಡಾಕ್ಟರು ಮುಲಾಮು ಕೊಟ್ಟು, ದಿನಕ್ಕೆರಡು ಸಲ ತಲೆಗೆ ನೀರು ಹಾಕಿ, ಹತ್ತು ದಿನದಲ್ಲಿ ಹೋಗುತ್ತದೆ ಎಂದರು. ಕೂದಲು ತೆಗೆಸಿ ಎಂದು ಅವರು ಹೇಳಲಿಲ್ಲ. ಹೇಳಿದರು ಎಂದು ಗಂಡನ ಮುಂದೆ ಹೇಳಿದವಳು ನಾನು. ಈ ಮಾತನ್ನು ಅವರಿಗೆ ಇಂದಿಗೂ ತಿದ್ದಿ ಹೇಳಿಲ್ಲ.

ಆ ವಾರವೇ ಅಣ್ಣನ ಕಾಗದ ಬಂದಿತ್ತು, ಅದೇ ಕೊನೆಯ ಸಾಲಿನೊಂದಿಗೆ. ಊರಲ್ಲಿ ತಣ್ಣಗೆ ನೆರಳಲ್ಲಿ ಕೂತವನಿಗೆ ಇಲ್ಲಿಯ ಸೆಕೆ ಏನು ಗೊತ್ತು ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಲೇತಿನ ಮುಂದೆ ಎಂಟು ಗಂಟೆ ನಿಂತು, ಸೈಕಲ್ ತುಳಿದು ಮನೆಗೆ ಬರುವವನು ನೆರಳಲ್ಲಿ ಕೂತಿದ್ದಾನೆಂದು ನನಗೆ ಅದು ಹೇಗೆ ಹೊಳೆಯಿತೋ.

ಮೊದಲ ಹುಟ್ಟುಹಬ್ಬ ಶುಕ್ರವಾರ ಬಂತು. ಅಲ್ಲಿ ಅದು ರಜಾ ದಿನ. ಮಲಯಾಳಿ ಕ್ಷೌರಿಕರೊಬ್ಬರನ್ನು ಮನೆಗೇ ಕರೆಸಿದೆವು. ಪಕ್ಕದ ಮನೆಯ ಮಂಗಳೂರಿನವರು "ಇವತ್ತಿಗೆ ನಾನೇ ಮಾವ ಅಲ್ವಾ?" ಎಂದು ನಗುತ್ತ ಮಗುವನ್ನು ತೊಡೆಗೆ ಹಾಕಿಕೊಂಡರು. ಎಲ್ಲರೂ ನಕ್ಕೆವು. ಬೋಳುತಲೆಗೆ ಗಂಧ ಹಚ್ಚಿ ಫೋಟೊ ತೆಗೆದೆವು. ಸುಳ್ಳೇಕೆ, ಆ ದಿನ ನಾನು ತುಂಬ ಸಂತೋಷವಾಗಿದ್ದೆ.

ಸಂಜೆ ಗಂಡ ಕೇಳಿದರು: "ನಿಮ್ಮಣ್ಣಂಗೆ ಏನಂತ ಹೇಳ್ತೀಯ?"

"ನಾವು ಹೋಗೋ ಹೊತ್ಗೆ ಬೆಳ್ದಿರುತ್ತೆ ಬಿಡಿ. ಯಾರಿಗ್ ಗೊತ್ತಾಗುತ್ತೆ" ಅಂದೆ.

ಅವರು ಕೂದಲಿನ ಪೊಟ್ಟಣ ತೆಗೆದುಕೊಂಡು ಹೋಗಿ ಸಮುದ್ರಕ್ಕೆ ಹಾಕಿ ಬಂದರು. ಫೋಟೊವನ್ನು ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದ ಕೆಳಗೆ ಬಚ್ಚಿಟ್ಟೆ. ಊರಿಗೆ ಕಳಿಸಿದ್ದು ಟೋಪಿ ಹಾಕಿದ ಫೋಟೊ.

ರಜಕ್ಕೆ ಹೋದಾಗ ಅಣ್ಣ ನಾಲ್ಕು ದಿನ ಕಾರ್ಖಾನೆಗೆ ರಜ ಹಾಕಿದ್ದ. ಚಿಕ್ಕಪೇಟೆಯಿಂದ ಜರಿ ಅಂಚಿನ ಲಂಗ ತಂದಿದ್ದ. ಅದು ಮಗುವಿಗೆ ಒಂದು ಗೇಣು ಉದ್ದವಾಯಿತು. ದೇವಸ್ಥಾನದ ಮುಂದೆ ಚಾಪೆ ಹಾಕಿ, ಹೊಸ ಪಂಚೆ ಉಟ್ಟು, ಊರವರೆದುರು ಅವನು ಕೂತ ಗತ್ತು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗುರುತಿಲ್ಲದ ಮಾವನನ್ನು ಕಂಡು ಮಗಳು ಕಿರುಚಿದಳು. ಅವನು ನಾಲಿಗೆಯಲ್ಲಿ ಲೊಟ್ಟೆ ಹೊಡೆದು, ಚಿಟಿಕೆ ಹಾಕಿ ಅವಳನ್ನು ಸುಮ್ಮನಾಗಿಸಿದ.

ವಯಸ್ಸಾದ ಕ್ಷೌರಿಕ ಕೂದಲಿಗೆ ನೀರು ಹಚ್ಚಿದವನು ಎರಡು ಬೆರಳಲ್ಲಿ ಉಜ್ಜಿ ನೋಡಿ ನಿಲ್ಲಿಸಿಬಿಟ್ಟ. ಮೆಲ್ಲಗೆ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಹೇಳಿದ: "ಇದು ಉಟ್ಟುಗೂದ್ಲಲ್ಲ ತಾಯಿ. ತುದಿ ಮೊಂಡಾಗೈತೆ. ಒಂದ್ಸಲ ಕತ್ತಿ ಆಡೈತೆ."

"ಅಲ್ಲಿ ನೀರು ಉಪ್ಪು. ಅದ್ಕೇ ಅಂಗಾಗೈತೆ" ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಕ್ಷೌರಿಕನ ಕಡೆ ತಿರುಗಿ, "ಅಲ್ಲಿ ನೀರು ಅಂಗಂತೆ. ನಿನ್ ಕೆಲ್ಸ ನೋಡಪ್ಪ ನೀನು" ಅಂದ. ಮುಗಿಯುವವರೆಗೂ ಮಗುವಿನ ಗಲ್ಲವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದ. ಅವನು ನನ್ನನ್ನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯ ನನಗೂ ಇರಲಿಲ್ಲ.

ಮಸ್ಕತ್ತಿಗೆ ವಾಪಸಾದ ಮೇಲೆ ಮಗ ಹುಟ್ಟಿದ. ಅಣ್ಣನ ಕಾಗದಗಳು ತಪ್ಪದೆ ಬರುತ್ತಿದ್ದವು. ಮಳೆ, ಬೆಳೆ, ಅತ್ತಿಗೆಯ ಮಂಡಿನೋವು, ಎಲ್ಲವೂ ಇರುತ್ತಿತ್ತು. ಕತ್ತರಿಯ ಸಾಲು ಮಾತ್ರ ಇರುತ್ತಿರಲಿಲ್ಲ. ಪ್ರತಿ ಸಲವೂ ನಾನು ಮೊದಲು ಕೊನೆಯ ಸಾಲು ನೋಡಿ, ಆಮೇಲೆ ಮೇಲಿನಿಂದ ಓದುತ್ತಿದ್ದೆ. ಕೊನೆಗೆ ನಾನೇ ಬರೆದೆ: "ಇವನ ಕೂದಲಿಗೆ ಕತ್ತರಿ ತಾಕಿಸಿಲ್ಲ ಅಣ್ಣ. ನಿನ್ನ ತೊಡೆಯ ಮೇಲೇ ಆಗಬೇಕು." ಅದಕ್ಕೆ ಉತ್ತರವಾಗಿ ಅವನು ಈ ವರ್ಷ ಅವರೆ ಚೆನ್ನಾಗಿ ಬಂದಿದೆ ಎಂದು ಬರೆದ. ಎರಡು ಬೇಸಿಗೆಯಲ್ಲೂ ಮಗನ ತಲೆಗೆ ಗುಳ್ಳೆ ಎದ್ದಿತು. ಮುಲಾಮು ಹಚ್ಚಿ, ದಿನಕ್ಕೆರಡು ಸಲ ನೀರು ಹಾಕಿದೆ. ಹತ್ತೇ ದಿನಕ್ಕೆ ಮಾಸಿತು.

ಮುಂದಿನ ರಜದಲ್ಲಿ ಅಣ್ಣ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬಟ್ಟೆ ತಂದ, ನೆಂಟರನ್ನು ಕರೆದ, ಕ್ಷೌರಿಕನಿಗೆ ತಾನೇ ಹೋಗಿ ಹೇಳಿ ಬಂದ. ಚಾಪೆಯನ್ನೂ ಅವನೇ ಹಾಸಿ ಪಕ್ಕಕ್ಕೆ ನಿಂತ.

"ಬಾ ಅಣ್ಣ, ಕೂತ್ಕೊ" ಅಂದೆ.

"ನೀನೇ ಕೂತ್ಕೊಳವ್ವ. ನಾನಿಲ್ದೆ ಮಾಡಿ ನಿಂಗೆ ಅಭ್ಯಾಸ ಐತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಮುಂದಕ್ಕೆ ಹಾಕು ಅಂದಷ್ಟೇ ಸಲೀಸಾಗಿ ಹೇಳಿದ.

"ಇದು ಉಟ್ಟುಗೂದ್ಲೇ ಅಣ್ಣ. ನಿನ್ನಾಣೆ."

"ಇರ್ಲಿ ಬಿಡು. ನಾನೇನು ಕೇಳಿದ್ನಾ?"

ಅಂದು ಸುಳ್ಳು ಹೇಳಿದೆ, ತಪ್ಪಾಯ್ತು ಅಣ್ಣ ಎಂಬ ಎರಡು ಮಾತು ಸಾಕಿತ್ತು, ಅವನು ಕೂರುತ್ತಿದ್ದ. ಅದು ನನಗೆ ಆಗಲೂ ಗೊತ್ತಿತ್ತು. ಅವನು ಕೂಡ ಅದಕ್ಕೇ ಕಾಯುತ್ತಿದ್ದನೇನೋ, ಇನ್ನೂ ಒಂದು ಗಳಿಗೆ ಅಲ್ಲೇ ನಿಂತಿದ್ದ. ಆದರೆ ಸುತ್ತ ಗಂಡನ ಕಡೆಯ ನೆಂಟರೆಲ್ಲ ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು, ಚಾಪೆಯ ಮೇಲೆ ಕೂತು, ಮಗನನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.