ಬಾಯ್ಲರ್ ಕಾಕಾನಿಗೆ ನಾನು ಹೇಳಿಕೊಟ್ಟ ಪಾಠ

ಕಳೆದ ತಿಂಗಳು ಮನೆಗೆ ಹೊಸ ಕಪಾಟು ಬಂತು. ಬಡಗಿ ಬಾಗಿಲು ಕೂರಿಸಿ ಹೋದ ಮೇಲೆ ಬಟ್ಟೆ ಜೋಡಿಸೋಣವೆಂದು ತೆರೆದೆ. ಒಳಗಿನಿಂದ ಅಂಟಿನ ವಾಸನೆ ಮುಖಕ್ಕೆ ಬಡಿಯಿತು. ಹೊಸ ಪ್ಲೈವುಡ್ಡಿನ ವಾಸನೆ ಗೊತ್ತಿದ್ದವರಿಗೆ ಗೊತ್ತು, ಈರುಳ್ಳಿ ಹೆಚ್ಚಿದ ಹಾಗೆ ಕಣ್ಣು ಚುರುಗುಟ್ಟುತ್ತದೆ. ಎರಡು ದಿನ ಬಾಗಿಲು ತೆರೆದಿಟ್ಟರೆ ಹೋಗುತ್ತದೆ ಎಂದಳು ಸೊಸೆ. ನನ್ನ ಕಣ್ಣಲ್ಲಿ ನೀರು ಬಂದದ್ದು ಅಂಟಿಗೆ ಎಂದೇ ಅವಳು ತಿಳಿದಳು. ನಾನೂ ಹಾಗೇ ಇರಲಿ ಎಂದುಕೊಂಡೆ...

ದಾಂಡೇಲಿಯಲ್ಲಿ ನಾವಿದ್ದ ಸಾಲುಮನೆಗಳಿಗೆ ಆ ವಾಸನೆ ಸದಾ ಅಂಟಿಕೊಂಡಿರುತ್ತಿತ್ತು. ಹಿಂದೆಯೇ ಒಂದು ಸಣ್ಣ ಪ್ಲೈವುಡ್ ಕಾರ್ಖಾನೆ. ಅಪ್ಪ ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಬಾಯ್ಲರ್ ಕಾಕಾ, ಅವರ ಹೆಂಡತಿ, ಒಬ್ಬಳು ಮಗಳು. ಕಾರ್ಖಾನೆಯ ಬಾಯ್ಲರಿಗೆ ಉರಿ ಹಾಕುವವರು ಅವರೇ ಆದ್ದರಿಂದ ಸಾಲಿನ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಕಾಕಾ ಆಫ್ರಿಕಾ ಮೂಲದ ಸಿದ್ದಿ ಜನಾಂಗದವರು, ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯವರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಬಾಯ್ಲರಿನೊಡನೆ ಎರಡೂ. ಹೌದು, ಅದರೊಡನೆ ಮಾತಾಡುತ್ತಿದ್ದರು. ಹಟ ಮಾಡುವ ಎಮ್ಮೆಯನ್ನು ಬೈಯುವ ಧಾಟಿಯಲ್ಲಿ ಬೈಯುತ್ತಿದ್ದರು, ಆಮೇಲೆ ಅದೇ ಬಾಯಲ್ಲಿ ರಮಿಸುತ್ತಿದ್ದರು.

ಮರವನ್ನು ತೆಳ್ಳಗೆ ಹಾಳೆಯಂತೆ ಸುಲಿದು, ಹಾಳೆಗಳ ನಡುವೆ ಅಂಟು ಬಳಿದು, ಬಿಸಿ ಪ್ರೆಸ್ಸಿನಲ್ಲಿಟ್ಟು ಒತ್ತಿದರೆ ಪ್ಲೈವುಡ್ ಆಗುತ್ತದೆ. ಆ ಪ್ರೆಸ್ಸಿನ ಬಿಸಿ ಬಾಯ್ಲರಿನ ಉಗಿಯದು. ಉಗಿಯ ಒತ್ತಡ ಇಳಿದರೆ ಅಂಟು ಹಿಡಿಯದೆ ಹಾಳೆಗಳು ಬಾಯಿ ಬಿಡುತ್ತಿದ್ದವು, ಏರಿದರೆ ಉಬ್ಬುತ್ತಿದ್ದವು. ಹಾಗಾಗಿ ಬಾಯ್ಲರಿನ ಎದೆಯ ಮೇಲಿದ್ದ ಗಡಿಯಾರದಂಥ ಮೀಟರಿನಲ್ಲಿ ಮುಳ್ಳು ದಿನವಿಡೀ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಕಾಕಾ ಅದನ್ನು ನಿಲ್ಲಿಸುತ್ತಿದ್ದರು. ಮೀಟರನ್ನು ನೋಡುತ್ತಿದ್ದುದು ಕಡಿಮೆ, ಕಿವಿ ಮಾತ್ರ ಗೋಡೆಯಾಚೆಯ ಪ್ರೆಸ್ಸಿನ ಕಡೆಗೆ. ಪ್ರೆಸ್ ಮುಚ್ಚುವ ಸದ್ದಿಗೆ ಮುಂಚೆಯೇ ಎರಡು ಕೊರಡು ಒಲೆಗೆ ತಳ್ಳಿರುತ್ತಿದ್ದರು. ತೆರೆಯುವ ಹೊತ್ತಿಗೆ ಒಲೆಗೆ ಗಾಳಿ ಬಿಡುವ ಬಾಗಿಲನ್ನು ಅರ್ಧ ಮುಚ್ಚಿರುತ್ತಿದ್ದರು. ಅಪ್ಪನ ಬುತ್ತಿ ಕೊಡಲು ಹೋದಾಗಲೆಲ್ಲ ನಾನು ಅಲ್ಲಿ ನಿಂತು ನೋಡುತ್ತಿದ್ದೆ.

"ಮುಳ್ಳು ನಿಂತೈತಲ್ಲ ಕಾಕಾ, ನೀವೂ ಒಂಚೂರು ಕೂಡ್ರಿ" ಎಂದೆ ಒಮ್ಮೆ.

"ನಾ ಕುಂತ್ರ ಅದು ಮಲಗತೈತಿ ತಂಗಿ, ಇಲ್ಲಂದ್ರ ಎದ್ದು ಕುಣೀತೈತಿ. ಮುಳ್ಳು ನಿಂತೈತಿ ಅಂದ್ರ ಮನಷ್ಯಾ ನಿಂತಿಲ್ಲ ಅಂತ ತಿಳಕೋ."

ಇಷ್ಟು ಗೊತ್ತಿದ್ದ ಮನುಷ್ಯನ ಕೈಯಲ್ಲಿ ಕಾಗದ ಒಂದಿರಲಿಲ್ಲ. ಬಾಯ್ಲರಿನ ಜವಾಬ್ದಾರಿ ಹೊತ್ತವನಿಗೆ ಸರಕಾರದ ಸರ್ಟಿಫಿಕೇಟ್ ಇರಬೇಕೆಂಬುದು ಕಾಯಿದೆ. ಬಾಯ್ಲರ್ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ ಸರ್ಟಿಫಿಕೇಟ್ ಹಿರಿಯ ಮಿಸ್ತ್ರಿ ಒಬ್ಬರದು. ಅವರು ಬೆಳಿಗ್ಗೆ ಬಂದು ಸಹಿ ಹಾಕಿ, ಬಿಸಿಲು ಬೀಳದ ಕಡೆ ಗೋಣಿಚೀಲ ಹಾಸಿ ಮಲಗಿದರೆ ಮುಗಿಯಿತು. ಹೆಸರು ಅವರದು, ಬೆವರು ಕಾಕಾನದು. ಇಬ್ಬರಿಗೂ ಅದು ಒಗ್ಗಿಹೋಗಿತ್ತು. ಆದರೆ ಆ ವರ್ಷ ಮಿಸ್ತ್ರಿ ನಿವೃತ್ತರಾಗುವವರಿದ್ದರು. ಕಾಕಾ ಪರೀಕ್ಷೆ ಪಾಸಾದರೆ ಆ ಜಾಗ ಅವರಿಗೆ, ನೌಕರಿ ಕಾಯಂ, ಮನೆಯೂ ಅವರದೇ. ಇಲ್ಲವಾದರೆ ಸರ್ಟಿಫಿಕೇಟ್ ಇದ್ದವನು ಹೊರಗಿನಿಂದ ಬರುತ್ತಾನೆ, ಕಾಕಾ ಮರ ಹೊರುವ ಕೂಲಿಗೆ ಇಳಿಯುತ್ತಾರೆ. ಹಾಜರಿ ಬರೆಯುವ ಗುಮಾಸ್ತ ಎಲ್ಲರೆದುರು ನಕ್ಕಿದ್ದ: "ಸಿದ್ಯಾಗ ಯಾಕೋ ಪರೀಕ್ಷಾ? ಉರಿ ಹಾಕು, ಉಣ್ಣು." ಆ ಸಂಜೆಯೇ ಕಾಕಾ ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತರು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ ಅದು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಉಷ್ಣಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೊಡೆ ಹಗಲೂ ಬಿಚ್ಚಿಯೇ ಇರುತ್ತಿತ್ತು. ಸಾಲುಮನೆಯ ಹೆಂಗಸರಿಗೆ ಬೇಳೆ ಯಾಕೆ ಬೇಗ ಬೇಯುವುದಿಲ್ಲ ಎಂದು ಉಪನ್ಯಾಸ ಕೊಡುತ್ತಿದ್ದೆ, ಪಾಪ, ಅವರು ಕೇಳಿಸಿಕೊಳ್ಳುತ್ತಲೂ ಇದ್ದರು. ಅಂಥವಳ ಮುಂದೆ ಕಾಕಾ ಒಂದು ಮಡಚಿದ ಹಾಳೆ ಹಿಡಿದರು. ಮಿಸ್ತ್ರಿ ತಮಗೆ ನೆನಪಿದ್ದ ಹಳೆಯ ಪ್ರಶ್ನೆಗಳನ್ನು ಗೀಚಿಕೊಟ್ಟಿದ್ದರು. ಬಾಯಿಯಲ್ಲೇ ಕೇಳುವ ಪರೀಕ್ಷೆ. ಅದರಲ್ಲೊಂದು ಕಡೆ 'ಸ್ಥಿರ ಒತ್ತಡ ಅಂದರೇನು' ಎಂದಿತ್ತು. ಅದನ್ನು ಕಂಡದ್ದೇ ನನಗೆ ಹಬ್ಬವಾಯಿತು. ಉಳಿದವನ್ನು ಸರಿಯಾಗಿ ಓದಲೂ ಇಲ್ಲ.

ಮರುದಿನದಿಂದ ಮೊದಲ ಪಾಳಿ ಮುಗಿದ ಮೇಲೆ ಅವರ ಮನೆಯ ನೆಲದ ಮೇಲೆ ಪಾಠ. ಇದ್ದಲಿಯಿಂದ ಒಂದು ಕೊಳವೆ ಬರೆದೆ. ಅದರೊಳಗೆ ಗಾಳಿ, ಮೇಲೆ ಸಲೀಸಾಗಿ ಜಾರುವ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ಕೆಳಗೆ ಉರಿ ಹಚ್ಚಿದರೆ ಗಾಳಿ ಹಿಗ್ಗಿ ಮುಚ್ಚಳವನ್ನು ಮೇಲಕ್ಕೆ ನೂಕುತ್ತದೆ. ಕಲ್ಲಿನ ಭಾರ ಅಷ್ಟೇ ಇರುವುದರಿಂದ ಒಳಗಿನ ಒತ್ತಡವೂ ಅಷ್ಟೇ. ಕೊಟ್ಟ ಶಾಖದಲ್ಲಿ ಒಂದು ಪಾಲು ಗಾಳಿಯನ್ನು ಬಿಸಿ ಮಾಡುವುದಕ್ಕೆ, ಇನ್ನೊಂದು ಪಾಲು ಕಲ್ಲನ್ನು ಎತ್ತುವ ಕೆಲಸಕ್ಕೆ. ಕಾಕಾ ಕುಕ್ಕರುಗಾಲಿನಲ್ಲಿ ಕೂತು ತದೇಕಚಿತ್ತದಿಂದ ನೋಡಿದರು.

"ಹಂಗಾರ ಬೆಂಕೀದು ಎಲ್ಲಾ ಒಳಗ ಉಳಿಯಂಗಿಲ್ಲ. ದುಡಿಯಾಕನೂ ಹೋಗತೈತಿ."

"ಹೌದು ಕಾಕಾ! ಅದ ಕೆಲಸ."

"ನಮ್ಮ ಹಂಗ" ಎಂದು ನಕ್ಕರು. ಅಡುಗೆಮನೆಯಿಂದ ಅವರ ಹೆಂಡತಿಯೂ ನಕ್ಕರು. ಮಗಳು, ಆಗ ಎರಡನೆಯ ಇಯತ್ತೆ, ತನ್ನ ಪಾಟಿಯ ಮೇಲೆ ಅದೇ ಕೊಳವೆ ಬರೆದು, ಕಲ್ಲಿನ ಬದಲು ಕೋಳಿಯೊಂದನ್ನು ಕೂರಿಸಿ ತಂದು ತೋರಿಸಿದಳು. ಆ ಮನೆಯಲ್ಲಿ ಕಳೆದ ಆ ಸಂಜೆಗಳು ನನ್ನ ಜೀವನದಲ್ಲೇ ಒಳ್ಳೆಯವು. ಸುಳ್ಳು ಯಾಕೆ ಹೇಳಲಿ.

ಮೂರೋ ನಾಲ್ಕೋ ದಿನದ ಮೇಲೆ ಕಾಕಾ ತಲೆ ಕೆರೆದುಕೊಳ್ಳುತ್ತ ಕೇಳಿದರು. "ತಂಗಿ, ಈ ಮುಚ್ಚಳಾ ಜಾರಲಿಲ್ಲಂದ್ರ? ನಮ್ಮ ಬಾಯ್ಲರಿಗೆ ಇಂಥಾ ಮುಚ್ಚಳಾ ಇಲ್ಲಲ್ಲ. ಪ್ರೆಸ್ ಬಂದ್ ಮಾಡಿ ವಾಲ್ವ್ ಮುಚ್ಚಿದ್ರ ಮುಳ್ಳು..."

ನನಗೆ ರೇಗಿತು. ಚೆಂದದ ಚಿತ್ರ ಬರೆದು ಕೊಟ್ಟರೆ ಮತ್ತೆ ಬಾಯ್ಲರಿಗೇ ಹೋಗುತ್ತಾರಲ್ಲ ಎಂದು. ಉತ್ತರ ನನಗೆ ಗೊತ್ತಿರಲಿಲ್ಲವೆಂದಲ್ಲ. ಜಾಗ ಹಿಗ್ಗದಿದ್ದರೆ ಒತ್ತಡ ಏರಲೇಬೇಕು, ಅದು ಮುಂದಿನ ಪುಟದ ಪಾಠ. ಆದರೆ ಪರೀಕ್ಷೆಯಲ್ಲಿ ಕೇಳುವುದು ಸ್ಥಿರ ಒತ್ತಡದ ಪ್ರಶ್ನೆ ಒಂದೇ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

"ಅದನ್ನ ಬಿಡ್ರಿ ಕಾಕಾ. ನಿಮ್ಮ ಒಲಿ ಪುರಾಣ ಅಲ್ಲಿ ತಗೀಬ್ಯಾಡ್ರಿ, ಸಾಹೇಬ್ರು ನಗತಾರ. ಎಷ್ಟು ಉರಿ ಹಾಕಿದ್ರೂ ಒತ್ತಡ ಅಷ್ಟ ಇರತೈತಿ. ಅಷ್ಟ ಹೇಳ್ರಿ."

"ಬುಕ್ಕಿನ್ಯಾಗ ಹಂಗ ಐತಿ?"

ಪುಸ್ತಕ ತೆಗೆದು ತೋರಿಸಿದೆ. ಇಂಗ್ಲಿಷ್ ಪುಸ್ತಕ, ಅವರಿಗೇನು ತಿಳಿಯಬೇಕು. ಚಿತ್ರವನ್ನು ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. ಅಲ್ಲಿಂದ ಮುಂದೆ ವಾರಗಟ್ಟಲೆ ಆ ಸಾಲನ್ನೇ ಬಾಯಿಪಾಠ ಮಾಡಿದರು. ಕೊರಡು ತಳ್ಳುವಾಗ, ಬೂದಿ ಎಳೆಯುವಾಗ, ನೀರಿನ ಸರದಿಯಲ್ಲಿ ನಿಂತಾಗ. ಮಗಳಿಗೂ ಬಾಯಿಗೆ ಬಂದುಬಿಟ್ಟಿತ್ತು.

ಪರೀಕ್ಷೆಯ ದಿನ ಅಪ್ಪನ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಕೊಟ್ಟೆವು. ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದವರು ಇಳಿಹೊತ್ತಿಗೆ ಬಂದರು. ಮನೆಗೆ ಹೋಗದೆ ನೇರ ನಮ್ಮ ಮೆಟ್ಟಿಲ ಮೇಲೆ ಕೂತರು. ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಹೇಳಿದರು.

"ಸಾಹೇಬ್ರು ಚೊಲೋ ಮನಷ್ಯಾ. ಕೂಡ್ರಿಸಿ ಕೇಳಿದ್ರು. ಪಂಪಿನ ಬಗ್ಗೆ ಕೇಳಿದ್ರು, ಹೇಳಿದೆ. ನೀರಿನ ಮಟ್ಟಾ ತೋರಸೂ ಗಾಜಿನ ಬಗ್ಗೆ ಕೇಳಿದ್ರು, ಹೇಳಿದೆ. ಕಡೀಕ ಕೇಳಿದ್ರು, ಪ್ರೆಸ್ ಬಂದ್ ಆಗೈತಿ, ಉಗಿ ಹೋಗೂ ವಾಲ್ವ್ ಮುಚ್ಚೈತಿ, ಒಲ್ಯಾಗ ಉರಿ ಐತಿ, ಮುಳ್ಳು ಏನಾಗತೈತಿ ಅಂತ."

"ನೀವೇನಂದ್ರಿ ಕಾಕಾ?" ಎಂದೆ.

"ಏರತೈತಿ ಅಂತ ನಾಲಿಗಿ ತುದಿಗೆ ಬಂದಿತ್ತು ತಂಗಿ. ಹದಿನೆಂಟು ವರ್ಷ ಏರೂದನ್ನ ನೋಡೇನಿ. ಆದ್ರ ನೀ ಹೇಳಿದ್ದು ನೆನಪಾತು. ಬುಕ್ಕಿನ್ಯಾಗ ಬರದಾರ ಅಂದ್ಮ್ಯಾಲ ನನ್ನ ಕಣ್ಣ ಖೊಟ್ಟಿ ಇರಬೇಕು ಅಂದ್ಕೊಂಡೆ. ಅಷ್ಟ ಇರತೈತಿ ಅಂದೆ. ಸಾಹೇಬ್ರು ಇನ್ನೊಮ್ಮೆ ಕೇಳಿದ್ರು, ವಿಚಾರ ಮಾಡಿ ಹೇಳು ಅಂತ. ಅಷ್ಟ ಇರತೈತ್ರಿ ಅಂದೆ. ಆತು ಹೋಗು ಅಂದ್ರು."

ಆ ಸಾಹೇಬರನ್ನು ದೂರುವಂತಿಲ್ಲ. ಆ ಒಂದು ಪ್ರಶ್ನೆಗೆ ತಪ್ಪು ಹೇಳಿದವನ ಕೈಗೆ ಯಾರೂ ಬಾಯ್ಲರ್ ಕೊಡಬಾರದು. ಮುಳ್ಳು ಏರುತ್ತದೆಂದು ತಿಳಿಯದವನು ಇಡೀ ಕಾರ್ಖಾನೆಯನ್ನೇ ಹಾರಿಸಿಬಿಡುತ್ತಾನೆ.

"ಖರೇ ಉತ್ತರಾ ಏನಿತ್ತು?" ಎಂದು ಕಾಕಾ ನನ್ನ ಮುಖ ನೋಡಿದರು.

ಏರುತ್ತದೆ, ನಿಮ್ಮ ಕಣ್ಣೇ ಸರಿ, ನಾನು ಕಲಿಸಿದ್ದೇ ತಪ್ಪು. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಹಿಂದೆ ಅಪ್ಪ ನಿಂತಿದ್ದರು, ಅಕ್ಕಪಕ್ಕದವರು ಬಾಗಿಲಿಗೆ ಬಂದಿದ್ದರು, ಇಡೀ ಸಾಲಿನ ಶಾಣ್ಯಾ ಹುಡುಗಿ ನಾನು.

"ಅದು ಭಾಳ ತೊಡಕಿನ ಪ್ರಶ್ನೆ ಕಾಕಾ" ಎಂದೆ. "ಹೇಳಿದ್ರೂ ನಿಮಗ ತಿಳಿಯೂದು ಕಷ್ಟ."

ಕಾಕಾ ತಲೆಯಾಡಿಸಿದರು. ನೀರು ಕುಡಿದು, ಲೋಟ ಬೋರಲು ಹಾಕಿ ಎದ್ದರು. "ನಿಂದೇನ ತಪ್ಪಿಲ್ಲ ತಂಗಿ. ಈ ತಲಿಗೆ ಹತ್ತಲಿಲ್ಲ."

ಮುಂದಿನ ಸಲ ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಹೊಸಬ ಬರುವವರೆಗೂ ಸಮಯವಿತ್ತು, ಮಿಸ್ತ್ರಿಯೂ ಒತ್ತಾಯಿಸಿದರು, ಅಪ್ಪ ಅರ್ಜಿ ಬರೆದುಕೊಡುತ್ತೇನೆಂದರು. ಕಾಕಾ ಒಪ್ಪಲಿಲ್ಲ. ಬ್ಯಾಡ್ರಿ, ನಮಗಲ್ಲ ಅದು, ಎಂದರು. ಗುಮಾಸ್ತ ಅಂದದ್ದು ಅವರಿಗೆ ನಾಟಿರಲಿಲ್ಲ. ನಾನು ಅಂದದ್ದು ನಾಟಿತ್ತು. ರಜೆ ಮುಗಿದು ಧಾರವಾಡಕ್ಕೆ ಹೊರಟಾಗ ಅವರೇ ನನ್ನ ಟ್ರಂಕು ಹೊತ್ತು ಬಸ್ಸಿನ ಮೇಲೇರಿಸಿದರು. ಆಗಲಾದರೂ ಹೇಳಬೇಕಿತ್ತು. ಕಿಟಕಿಯಿಂದ ಕೈ ಬೀಸಿದೆ...

ದಸರಾ ರಜೆಗೆ ಬಂದಾಗ ಹೊರಗಿನ ಊರಿನ ಹುಡುಗನೊಬ್ಬ ಬಾಯ್ಲರ್ ಮುಂದಿದ್ದ. ಗೋಡೆಯ ಮೇಲೆ ಅವನ ಸರ್ಟಿಫಿಕೇಟ್ ಇತ್ತು, ಮುಳ್ಳು ಮಾತ್ರ ಕುಣಿಯುತ್ತಿತ್ತು. ಪ್ಲೈವುಡ್ ಬಾಯಿ ಬಿಡುತ್ತಿದೆಯೆಂದು ಅಪ್ಪ ಮನೆಗೆ ಬಂದು ಗೊಣಗುತ್ತಿದ್ದರು. ಕಾಕಾ ಅಂಗಳದಲ್ಲಿ ಮರದ ತುಂಡು ಹೊರುತ್ತಿದ್ದರು. ಪ್ರೆಸ್ ಮುಚ್ಚುವ ಸದ್ದಾದಾಗಲೆಲ್ಲ ಹೊತ್ತ ಹೊರೆಯ ಸಮೇತ ಅತ್ತ ತಿರುಗಿ, ಒಂದು ಗಳಿಗೆ ನಿಂತು, ಮುಂದೆ ಹೋಗುತ್ತಿದ್ದರು. ಕೂಲಿಯವರಿಗೆ ಮನೆ ಇಲ್ಲವೆಂದು ಅವರು ಸಾಲುಮನೆಯನ್ನೂ ಬಿಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಮರದ ಪೂರೈಕೆ ಕಡಿಮೆಯಾಗಿ ಕಾರ್ಖಾನೆಯೂ ಮುಚ್ಚಿತು. ಅಷ್ಟರಲ್ಲಿ ಕಾಕಾ ಹೆಂಡತಿ ಮಗಳ ಜೊತೆ ಹಳ್ಳಿಗೆ ಹೋಗಿಬಿಟ್ಟಿದ್ದರು. ಅಲ್ಲೇ ಗದ್ದೆ ಕೂಲಿ ಮಾಡುತ್ತ ತೀರಿಕೊಂಡರೆಂದು ಎಷ್ಟೋ ಕಾಲದ ಮೇಲೆ ನನ್ನ ತಮ್ಮ ಹೇಳಿದ. ನಾನಾಗ ಹುಬ್ಬಳ್ಳಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮೂವತ್ತು ವರ್ಷ ಅದೇ ಕೊಳವೆ, ಅದೇ ಮುಚ್ಚಳ ಬರೆದು ಸ್ಥಿರ ಒತ್ತಡ ಕಲಿಸಿದೆ. ಚೆನ್ನಾಗಿ ಕಲಿಸುತ್ತಾರೆ ಎಂಬ ಹೆಸರೂ ಬಂತು.

ಕಪಾಟು ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಕಾಕಾನ ಮಗಳನ್ನು ಮುಂಡಗೋಡದ ಕಡೆ ಚಿಗಳ್ಳಿಗೆ ಕೊಟ್ಟಿದ್ದಾರೆಂದು ತಮ್ಮ ಹೇಳಿದ್ದು ನೆನಪಿತ್ತು. ಹೋದ ವಾರ ಹೋಗಿದ್ದೆ. ಐವತ್ತು ದಾಟಿದ ಹೆಂಗಸು, ಅಪ್ಪನದೇ ನಗು. ಗುರುತು ಹೇಳಿದ್ದೇ ತಡ, ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆ ಹಾಸಿದಳು.

"ಅಪ್ಪಾ ಕಡೀತನಕಾ ನಿಮ್ಮನ್ನ ನೆನಸ್ತಿದ್ದ ಅಕ್ಕಾರ. ಅಂಥಾ ಶಾಣ್ಯಾ ಹುಡುಗಿ ದಿನಾ ಕುಂತು ಕಲಿಸಿದ್ರೂ ನನ್ನ ತಲಿಗೆ ಹತ್ತಲಿಲ್ಲ, ನಮ್ಮ ರಕ್ತದಾಗ ಇಲ್ಲ ಅದು ಅಂತಿದ್ದ. ನಾನೂ ನಾಕನೇತ್ತೆಗೆ ಸಾಲಿ ಬಿಟ್ಟೆ. ಅಪ್ಪಗ ಹತ್ತಲಾರದ್ದು ನನಗೆಲ್ಲಿ ಹತ್ತತೈತಿ ಅಂತ."

ಎಲ್ಲವನ್ನೂ ಹೇಳಿದೆ. ನಿಮ್ಮಪ್ಪನಿಗೆ ಉತ್ತರ ಗೊತ್ತಿತ್ತು, ನನ್ನ ಮಾತು ನಂಬಿ ತಪ್ಪು ಹೇಳಿದರು, ಆಮೇಲೆ ನಾನು ನಾಚಿಕೆಗೆ ಮುಚ್ಚಿಟ್ಟೆ, ಎಂದು. ಹೇಳುವಾಗ ಅಳುವೂ ಬಂತು. ಕೊನೆಗೆ ಅವಳು ನನ್ನ ಬೆನ್ನು ಸವರಿದಳು.

"ಇರ್ಲಿ ಬಿಡ್ರಿ ಅಕ್ಕಾರ. ಅಪ್ಪನ ಮ್ಯಾಲಿನ ಪ್ರೀತಿಗೆ ಹಿಂಗ ಅಂತೀರಿ. ನೀವು ಕಲಿತವರು, ನೀವ್ಹೆಂಗ ತಪ್ಪು ಹೇಳ್ತೀರಿ?"

ಮತ್ತೊಮ್ಮೆ ಹೇಳಿದೆ. ಆಣೆ ಮಾಡಿ ಹೇಳಿದೆ. ಅವಳು ಅದೇ ನಗು ನಗುತ್ತ ಚಹಾ ಬಸಿದು ಕೊಟ್ಟಳು, ಬಸ್ಸಿನವರೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟಳು. ನಂಬಲಿಲ್ಲ.