ಬೆಳಿಗ್ಗೆ ತೋರಿಸಿದ ಕೈ

ಅವರ ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಮಾತ್ರ ಬೋಳು. ಗಂಡ, ಮಕ್ಕಳು ಇರುವ ಹೆಂಗಸು ಒಂದು ಕೈಯನ್ನು ಹೀಗೆ ಬರಿದು ಬಿಟ್ಟುಕೊಂಡರೆ ನಮ್ಮೂರ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆಯೇ? ಹಿಂದಿನಿಂದ ಆಡಿಕೊಂಡರು, ಎದುರಿಗೂ ಕೇಳಿಯೇಬಿಟ್ಟರು. "ಹಿಂದೆ ಒಂದ್ಸಲ ಬಳೆ ಒಡ್ದು ಕೂಸಿನ ಕೆನ್ನೆ ಗೀರ್ಕೊಂಡಿತ್ತು ಕಣವ್ವಾ. ಮಕ್ಕಳ ಕೈ ಹಿಡಿಯೋ ಕೈಗೆ ಬಳೆ ಯಾಕೆ?" ಅಂದು ಅವರು ಮೊಟ್ಟೆ ಸುಲಿಯುತ್ತಾ ಕೂತುಬಿಟ್ಟರು.

ಹೆಮ್ಮಿಗೆ ಕಡೆಯ ನಮ್ಮ ಊರಿನ ಅಂಗನವಾಡಿ ಟೀಚರ್ ಅವರು. ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲೂ ಟೀಚರಮ್ಮ. ನನ್ನ ಮಗಳನ್ನು ಅಲ್ಲಿಗೆ ಸೇರಿಸಿದ ದಿನ ಅವರು ನನಗೆ ಮೊದಲು ತೋರಿಸಿದ್ದು ಗೋಡೆಯ ಮೇಲಿನ ಅಕ್ಷರಮಾಲೆಯನ್ನಲ್ಲ. ಹಿತ್ತಲಿನ ನೀರಿನ ತೊಟ್ಟಿಯ ಮುಚ್ಚಳ, ಅದರ ಮೇಲೆ ಹೇರಿದ್ದ ಹಳೇ ಒರಳುಕಲ್ಲು. ಆಮೇಲೆ ಅಡುಗೆ ಒಲೆಗೂ ಮಕ್ಕಳ ಚಾಪೆಗೂ ನಡುವೆ ಅಡ್ಡ ಇಟ್ಟಿದ್ದ ಬೆಂಚು. ಸಾರು ಆರಿದೆಯೇ ಅಂತ ತಾವು ಕುಡಿದು ನೋಡದೆ ಯಾವ ಮಗುವಿನ ತಟ್ಟೆಗೂ ಬಡಿಸುತ್ತಿರಲಿಲ್ಲ. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ಯಾರಾದರೂ "ಏನೂ ಆಗಲ್ಲ ಬುಡಿ ಟೀಚರಮ್ಮ" ಅಂದರೆ ಸಿಡುಕುತ್ತಿದ್ದರು. "ಏನೂ ಆಗಲ್ಲ ಅನ್ನೋದು ನಿಮ್ಮ ಬಾಯಲ್ಲಿ ಬರೋ ಮಾತು. ಏನೂ ಆಗದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ."

ಆದರೆ ಊರಿಗೆ ಊರೇ ನಗುತ್ತಿದ್ದದ್ದು ಅವರ ಸಾಯಂಕಾಲದ ಶಾಸ್ತ್ರಕ್ಕೆ. ನಮ್ಮೂರಲ್ಲಿ ಎಲ್ಲರಿಗೂ ಎಲ್ಲರೂ ನೆಂಟರು. ದಾರಿಯಲ್ಲಿ ಸಿಕ್ಕವರಿಗೆ "ಅಂಗೇ ನಮ್ ಕೂಸ್ನೂ ಕರ್ಕೊಂಡ್ ಬಂದ್ಬುಡಿ" ಅಂದರೆ ಮುಗಿಯಿತು. ಟೀಚರಮ್ಮ ಅದಕ್ಕೆ ಕಲ್ಲು ಹಾಕಿದರು. ಬೆಳಿಗ್ಗೆ ಮಗುವನ್ನು ಬಿಡುವಾಗಲೇ ಸಂಜೆ ಯಾರು ಬರುತ್ತಾರೆ ಅಂತ ಹೇಳಿ, ಬರುವವರ ಬಲಗೈ ತೋರಿಸಬೇಕು. ಸಂಜೆ ಅವರೇ ಹೊಸ್ತಿಲ ಹೊರಗೆ ನಿಂತು ಬಲಗೈ ಚಾಚಬೇಕು. ಟೀಚರಮ್ಮ ಮಗುವಿನ ಕೈ ಹಿಡಿದು ತಂದು ಆ ಕೈಯಲ್ಲಿ ಇಟ್ಟು, ಮುಖ ನೋಡಿ, ಆಮೇಲೆ ಬಿಡುತ್ತಿದ್ದರು. ಇದಕ್ಕೆ ನಮ್ಮತ್ತೆ "ಟೀಚರಮ್ಮನ ಧಾರೆ" ಅಂತ ಹೆಸರಿಟ್ಟರು. ನಾಲ್ಕು ಗಂಟೆ ಆಗುತ್ತಿದ್ದಂತೆ, "ಓಗವ್ವಾ, ಧಾರೆ ಮುಹೂರ್ತ ಮೀರೋಯ್ತದೆ, ನಿನ್ ಮಗಳನ್ನ ಇಸ್ಕೊಂಡ್ ಬಾ" ಅಂತ ನನ್ನನ್ನು ಅಟ್ಟುತ್ತಿದ್ದರು. ನಾನೂ ನಗುತ್ತಲೇ ಹೋಗುತ್ತಿದ್ದೆ.

ಆ ನಗು ನಿಂತದ್ದು ಬೀಗರೂಟದ ದಿನ. ನನ್ನ ನಾದಿನಿಯ ಮದುವೆ ಮುಗಿದು, ಗಂಡಿನವರ ಊರಲ್ಲಿ ಬಾಡೂಟ. ಅವರ ಊರು ನಮ್ಮೂರಿಂದ ನಾಲೆ ಏರಿಯ ಮೇಲೆ ಹೋದರೆ ಹತ್ತಿರ. ಗದ್ದಲದಲ್ಲಿ ಮಗು ಬೇಡವೆಂದು ಅಂಗನವಾಡಿಯಲ್ಲಿ ಬಿಟ್ಟು, "ಸಂಜೆ ನಾನೇ ಬರ್ತೀನಿ" ಎಂದು ಕೈ ತೋರಿಸಿ ಹೋಗಿದ್ದೆ. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ನನ್ನ ಗಂಡನ ಅಣ್ಣನಿಗೆ ತಮ್ಮನ ಮಗಳ ನೆನಪಾಯಿತು. ಭಾವ ಗ್ರಾಮ ಪಂಚಾಯ್ತಿ ಮೆಂಬರು, ನನ್ನ ಮಗಳೆಂದರೆ ಪ್ರಾಣ. ಅವಳಿಗೆಂದು ಬಾಡಿನಲ್ಲಿ ಮೆತ್ತಗಿನ ಈಲಿ ಚೂರುಗಳನ್ನು ಬೇರೆ ಎತ್ತಿಡಿಸಿದ್ದರು. ತೆಂಗಿನ ತೋಪಿನ ಹಿಂದೆ ಗಂಡಸರ ಪಂಕ್ತಿಯಲ್ಲಿ ಅವರು ಏನೇನು ಮುಗಿಸಿ ಎದ್ದಿದ್ದರೋ, ನನಗೆ ಒಂದು ಮಾತೂ ಹೇಳದೆ ಬೈಕ್ ಏರಿ ಹೊರಟೇಬಿಟ್ಟರು.

ಅಲ್ಲಿ ನಡೆದದ್ದನ್ನು ಅಡುಗೆಯ ಆಯಮ್ಮ ನನಗೆ ಎಷ್ಟು ಸಲ ಹೇಳಿದ್ದಾರೋ. ದೊಡ್ಡಪ್ಪನನ್ನು ಕಂಡದ್ದೇ ನನ್ನ ಮಗಳು ಕುಣಿದಾಡಿದಳು. ಟೀಚರಮ್ಮ ಕಬ್ಬಿಣದ ಗೇಟು ಎಳೆದು ಚಿಲಕ ಹಾಕಿದರು.

"ಬೆಳಿಗ್ಗೆ ತೋರಿಸಿದ ಕೈ ಇದಲ್ಲ ಸಾ."

"ಟೀಚರಮ್ಮ, ನನ್ ತಮ್ಮನ್ ಮಗು ಕಣ್ರೀ ಅದು! ಮುಂದೆ ಟ್ಯಾಂಕ್ ಮ್ಯಾಗೆ ಕೂರುಸ್ಕೊಂಡು ಅಂಗ್ ಓಗಿ ಇಂಗ್ ಬತ್ತೀನಿ."

"ಅವರಮ್ಮ ಬರ್ಲಿ, ಕಳಿಸ್ತೀನಿ."

ಭಾವನಿಗೆ ತಲೆಗೇರಿತು. "ಈ ಬಿಲ್ಡಿಂಗ್‌ಗೆ ಟೈಲ್ಸ್ ಆಕ್ಸಿದ್ ಯಾರು? ನಾನು! ನಾಳೆಯಿಂದ ಈ ಬಾಗಿಲಾಗೆ ನೀವ್ ಎಂಗ್ ನಿಂತ್ಕೋತೀರೋ ನೋಡ್ತೀನಿ."

"ಟೈಲ್ಸ್ ನಿಮ್ದೇ ಸಾ, ಬೇಕಾದ್ರೆ ಕಿತ್ಕೊಂಡ್ ಹೋಗಿ. ಮಗು ಅವರಮ್ಮಂದು."

ನನ್ನ ಮಗಳು ದೊಡ್ಡಪ್ಪ ಬೇಕೆಂದು ನೆಲಕ್ಕೆ ಬಿದ್ದು ಅತ್ತಳಂತೆ. "ಅಳ್ಲಿ ಬಿಡು ಆಯಮ್ಮ. ಅತ್ತ ಮಗು ಮನೆಗೆ ಹೋಗ್ತದೆ," ಅಂದು ಟೀಚರಮ್ಮ ಗೇಟಿಗೆ ಬೆನ್ನು ಕೊಟ್ಟು ನಿಂತೇ ಇದ್ದರಂತೆ.

ಭಾವ ಬೀಗರ ಮುಂದೆ ಬಂದು ಮರ್ಯಾದೆ ಹೋಯಿತೆಂದು ಕೂಗಾಡಿದಾಗಲೇ ನಮಗೆ ವಿಷಯ ತಿಳಿದದ್ದು. ಉಂಡೆದ್ದವರು, ಉಣ್ಣದೆ ಎದ್ದವರು ಎಲ್ಲ ಸೇರಿ ಎರಡು ಆಟೋ, ಒಂದು ಟ್ರ್ಯಾಕ್ಟರ್ ತುಂಬ ಅಂಗನವಾಡಿಗೆ ಹೊರಟರು. ಅಂದು ಟೀಚರಮ್ಮನನ್ನು ಊರು ಬಿಡಿಸಿಯೇ ಸಿದ್ಧ ಅಂತ ಮಾತು. ನಾನೂ ಟ್ರ್ಯಾಕ್ಟರ್ ಹಿಂದೆ ಹತ್ತಿ ಕೂತೆ. ಪಕ್ಕದಲ್ಲಿ ನಮ್ಮತ್ತೆ, ಕೆಂಡ.

ಗೇಟಿನ ಮುಂದೆ ಅಷ್ಟು ಜನ ನಿಂತರೂ ಟೀಚರಮ್ಮ ಹುಡುಕಿದ್ದು ನನ್ನನ್ನು. ಚಿಲಕ ತೆಗೆದರು. ನಾನು ಹೊಸ್ತಿಲ ಹೊರಗೆ ನಿಂತು ಬಲಗೈ ಚಾಚಿದೆ. ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು ನನ್ನ ಮುಖ ನೋಡಿದರು.

"ನಿಮ್ಮಲ್ಲಿ ಕೆಟ್ಟೋರು ಯಾರೂ ಇಲ್ಲ, ನಂಗೊತ್ತು. ಆದ್ರೆ ಬರೀ ಮುಖ ನೋಡಿ ಮಗು ಕೊಡೋಕೆ ಶುರು ಮಾಡಿದ್ರೆ, ಒಂದಿನ ಮುಖ ನೋಡೇ ಮೋಸ ಹೋಗ್ತೀನಿ. ಆಗ ಇಷ್ಟೂ ಜನ ಬಂದ್ರೂ ಮಗು ಬರಲ್ಲ."

ಭಾವ "ನಾನೇನ್ ಕಳ್ಳನಾ?" ಅಂತ ಮುಂದೆ ನುಗ್ಗಿ, ಗೇಟಿಗೆ ಕಾಲು ಎಡವಿ, ತಾಯಿಯ ಹೆಗಲಿಗೇ ಒರಗಿದರು. ನಮ್ಮತ್ತೆ ಮಗನ ಗಲ್ಲ ಹಿಡಿದು ಎತ್ತಿ ಮೂಸಿ ನೋಡಿದರು.

"ಲೇ, ಈ ಕುಡುದ್ ಬಾಯ್ ಒತ್ಕೊಂಡು ನಾಲೆ ಏರಿ ಮ್ಯಾಲೆ ನನ್ ಮೊಮ್ಮಗಳನ್ನ ಕರ್ಕೊಂಡ್ ಓಗಕ್ಕೆ ಬಂದಿದ್ಯೇನ್ಲಾ? ಕೊಡ್ಲಾ ಗಾಡಿ ಕೀಯ!"

ಮೆಂಬರು ಬೀಗರೆದುರಿಗೇ ಜೇಬು ತಡಕಿ ಕೀ ಕೊಟ್ಟರು. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟೀಚರಮ್ಮನ ಕಡೆ ತಿರುಗಿದರು. "ಅವ್ವಾ, ನಿನ್ನ ಧಾರೆ ಅಂತ ನಗಾಡ್ತಿದ್ದೆ. ಇನ್ಮ್ಯಾಕೆ ನಿನ್ನ ಈ ಬಾಗಿಲಿಂದ ಕದಲ್ಸಕ್ಕೆ ಯಾವನ್ ಬತ್ತಾನೋ ಬರ್ಲಿ, ನಾನ್ ನೋಡ್ಕತೀನಿ." ಹೆಂಗಸರೆಲ್ಲ ಹೋ ಎಂದರು. ಬೀಗಿತ್ತಿಯ ದನಿ ಎಲ್ಲರಿಗಿಂತ ಮೇಲಿತ್ತು. ಊರು ಬಿಡಿಸಲು ಬಂದಿದ್ದ ಟ್ರ್ಯಾಕ್ಟರಿನಲ್ಲೇ ಟೀಚರಮ್ಮನಿಗೂ ಆಯಮ್ಮನಿಗೂ ಬಾಡೂಟದ ಪಾತ್ರೆ ಬಂತು. ಅಷ್ಟು ಖುಷಿ ನನಗೆ ಆ ಮದುವೆಯಲ್ಲೂ ಆಗಿರಲಿಲ್ಲ.

ಭಾವನ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ನನ್ನ ಮಗಳನ್ನು ತಾವೇ ನಡೆಸಿಕೊಂಡು ಹೋಗಿ ಅಂಗನವಾಡಿಗೆ ಬಿಟ್ಟರು. ಬಾಗಿಲಲ್ಲಿ ಬಲಗೈ ಚಾಚಿ, "ಸರ್ಯಾಗ್ ನೋಡ್ಕಳಿ ಟೀಚರಮ್ಮ. ಸಾಯಂಕಾಲ ಇದೇ ಕೈ ಬತ್ತದೆ," ಅಂದರು. ಟೀಚರಮ್ಮ ನಗದೆ ಕೈ ನೋಡಿ, "ಬರ್ಲಿ ಸಾ. ಹಿಂಗೇ ಬರ್ಲಿ," ಅಂದರು. ಸಂಜೆ ಅದೇ ಕೈ ಬಂತು.

ಮಗಳು ದೊಡ್ಡ ಶಾಲೆಗೆ ಸೇರುವ ಹೊತ್ತಿಗೆ ಗಂಡನಿಗೆ ನಂಜನಗೂಡಿನಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರವೊಂದು ಈಗ ನನ್ನ ಹೊಣೆ. ಕೆಲಸ ಹಿಡಿದ ದಿನ ನಾನು ಮೊದಲು ಹೋಗಿ ನೋಡಿದ್ದು ಸಂಪಿನ ಮುಚ್ಚಳವನ್ನು. ಟೀಚರಮ್ಮ ಅಷ್ಟರಲ್ಲಿ ರಿಟೈರ್ ಆಗಿದ್ದರು. ಅವರ ಮಗಳೂ ಇಲ್ಲೇ ಹೊಲಿಗೆ ಕೆಲಸಕ್ಕೆ ಸೇರಿದ್ದರಿಂದ ಅವರ ಮೊಮ್ಮಗ ನನ್ನ ಕೇಂದ್ರದ ಕೂಸಾದ.

ಕಳೆದ ತಿಂಗಳು ಒಂದು ಮಧ್ಯಾಹ್ನ ಗೇಟಿನಲ್ಲಿ ಟೀಚರಮ್ಮ. ಕಪಿಲೆಯಲ್ಲಿ ಮಿಂದು, ದೇವಸ್ಥಾನಕ್ಕೆ ಹೋಗಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದರು. "ಕೂಸ್ನ ಕೊಡವ್ವಾ, ಮನೆಗೆ ಕರ್ಕೊಂಡ್ ಹೋಗ್ತೀನಿ." ಮೊಮ್ಮಗ "ಅಜ್ಜೀ" ಎಂದು ಓಡಿ ಬಂದ. ಬೆಳಿಗ್ಗೆ ಅವರ ಮಗಳು "ನಾನೇ ಬರ್ತೀನಿ" ಅಂತ ಕೈ ತೋರಿಸಿದ್ದಳು. ಎದುರಿಗೆ ನಿಂತವರು ನನ್ನ ಮಗಳಿಗಾಗಿ ಒಂದು ಊರನ್ನೇ ಎದುರು ಹಾಕಿಕೊಂಡವರು. ಆದರೂ ನನ್ನ ಕೈ ಚಿಲಕದ ಮೇಲೆ ಹೋಯಿತು.

"ಬೆಳಿಗ್ಗೆ ತೋರಿಸಿದ ಕೈ ಇದಲ್ಲ ಟೀಚರಮ್ಮ."

ಕುರ್ಚಿ ಹಾಕಿಸುತ್ತೇನೆಂದರೂ ಕೇಳದೆ ಅವರು ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿನಲ್ಲೇ ಕೂತರು. ಬಂದ ಬಂದ ಅಜ್ಜಿಯರಿಗೆಲ್ಲ, "ನನ್ನೇ ನಿಲ್ಲಿಸ್ಬಿಟ್ಲು ಕಣ್ರವ್ವಾ, ನನ್ನೇ!" ಅಂತ ಹೇಳಿಕೊಂಡು ನಗುತ್ತಿದ್ದರು. ಶಿಫ್ಟ್ ಬಿಟ್ಟು ಮಗಳು ಬಂದು ಕೈ ಚಾಚಿದಳು. ಕೂಸಿನ ಕೈಯನ್ನು ಅವಳ ಕೈಯಲ್ಲಿಟ್ಟು, ಮುಖ ನೋಡಿ, ಬಿಟ್ಟೆ.

ಆಗ ಟೀಚರಮ್ಮ ಎದ್ದು ಬಂದು ನನ್ನ ಬಲಗೈ ಹಿಡಿದು ಸೆರಗು ಸರಿಸಿ ನೋಡಿದರು. ಬಳೆ ಇರಲಿಲ್ಲ.

"ಗೆದ್ದೆ ಕಣವ್ವಾ ನಾನು," ಅಂದರು, ಬೀದಿಯ ಆ ತುದಿಗೆ ಕೇಳುವ ಹಾಗೆ.