ತಲೆಯೊಳಗಿನ ನೀರಿನ ಕೋಣೆ

ಸ್ಕ್ಯಾನಿನ ಚಿತ್ರ ಓದುವ ವಿದ್ಯೆ ನನಗೆ ಒಲಿಯಲೇ ಇಲ್ಲ. ಮನೆಯವರೆಲ್ಲ ಆ ಕಪ್ಪು ಕಾಗದ ಹಿಡಿದು ಇದು ಕೈ, ಇದು ಗಲ್ಲ ಎಂದು ಸಂಭ್ರಮಿಸುವಾಗ ನನಗೆ ಕಾಣುವುದು ಬೆಟ್ಟಕ್ಕೆ ಕವಿದ ಮೋಡ ಮಾತ್ರ. ಆದರೂ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ! ಅಣ್ಣನ ಮಗಳು ಕವಿತಾ ಬಸುರಿಯಾಗಿ ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಮನೆಗೆ ಬಂದಾಗ, ಅವಳ ಮೊದಲ ಚಿತ್ರದ ಮೇಲೆ ಬೆರಳಿಟ್ಟು, "ಮೂಗು ನಮ್ಮಣ್ಣನದೇ" ಎಂದುಬಿಟ್ಟೆ. ಅದು ಕೂಸಿನ ಮಂಡಿಯಾಗಿತ್ತು. ಅಣ್ಣ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಐದನೇ ತಿಂಗಳಿನ ಚಿತ್ರ ಬಂದಾಗ ಯಾರೂ ತಮಾಷೆ ಮಾಡಲಿಲ್ಲ. ಕೂಸಿನ ಮಿದುಳಿನೊಳಗೆ ನೀರು ತುಂಬಿದ ಕೋಣೆಗಳಿರುತ್ತವಂತೆ. ನನಗೂ ಇವೆ, ನಿಮಗೂ ಇವೆ. ಹೊಟ್ಟೆಯಲ್ಲಿರುವ ಕೂಸಿಗೆ ಅವುಗಳ ಅಗಲ ಹತ್ತು ಮಿಲಿಮೀಟರಿನ ಒಳಗಿರಬೇಕು. ಕವಿತಾಳ ಕೂಸಿಗೆ ತುಸು ಹೆಚ್ಚಿತ್ತು. ನಮ್ಮ ತೋಟದ ಒಂದು ದ್ರಾಕ್ಷಿಹಣ್ಣಿಗಿಂತಲೂ ಕಿರಿದಾದ ಜಾಗ ಅದು. ಅಷ್ಟು ಪುಟ್ಟ ಜಾಗ ಇಡೀ ಮನೆಯ ನಿದ್ದೆಯನ್ನು ನುಂಗಿತು.

ನಾನು ತೆಂಗಿನಕಾಯಿ ವ್ಯಾಪಾರಿ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ನೀರೆಷ್ಟಿದೆ ಎಂದು ಹೇಳಬಲ್ಲೆ. ಇಲ್ಲಿ ಆ ವಿದ್ಯೆ ನಡೆಯದೆ ಫೋನ್ ಹಿಡಿದು ಓದತೊಡಗಿದೆ. ಹಿಂದಿನ ಕಾಲದಲ್ಲಿ ಯುರೋಪಿನ, ಅರಬ್ ದೇಶಗಳ ವೈದ್ಯರು ಮನುಷ್ಯನ ಬುದ್ಧಿಯೆಲ್ಲ ಈ ಕೋಣೆಗಳಲ್ಲೇ ಇದೆ ಎಂದು ನಂಬಿದ್ದರಂತೆ. ಮುಂದಿನದರಲ್ಲಿ ಕಲ್ಪನೆ, ನಡುವಿನದರಲ್ಲಿ ವಿಚಾರ, ಹಿಂದಿನದರಲ್ಲಿ ನೆನಪು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವ ನನ್ನ ಹಿಂದಿನ ಕೋಣೆ ಎಷ್ಟು ಇಕ್ಕಟ್ಟಾಗಿರಬೇಕು ಎಂದು ಯೋಚಿಸಿ ನಗು ಬಂತು. ಪಕ್ಕದಲ್ಲಿ ಕವಿತಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ನಕ್ಕದ್ದಕ್ಕೆ ನಾಚಿಕೆಯಾಯಿತು.

ಬಳಗದ ಹಿರಿಯರೊಬ್ಬರು ಬಂದು ಕಾಫಿ ಕುಡಿದು, "ತಲೆಯಾಗೆ ತಣ್ಣಿ ನಿಂತ ಕೂಸು ಯಾಕವ್ವಾ? ಈಗ್ಲೇ ತೆಗ್ಸಿಬಿಡು, ಇನ್ನೂ ವಯಸ್ಸೈತೆ" ಎಂದು ಹೇಳಿ ಹೋದರು. ತಣ್ಣಿ ಎಂದರೆ ನಮ್ಮ ಮಾತಿನಲ್ಲಿ ನೀರು. ಒಳ್ಳೆಯ ಮನುಷ್ಯರೇ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಲೋಟದ ಜೊತೆ ತೊಳೆದುಹೋಗುವಂಥದ್ದಾಗಿರಲಿಲ್ಲ. ಒಡ್ಡನ್‌ಛತ್ರಂನ ತರಕಾರಿ ಮಂಡಿಯಲ್ಲಿರುವ ಅವಳ ಗಂಡ ಫೋನಿನಲ್ಲಿ, "ನೀ ಹೇಳ್ದಂಗೆ" ಎಂದನಂತೆ. ಪ್ರೀತಿಯಿಂದಲೇ ಅಂದಿದ್ದ, ಆದರೆ ಹೊರೆ ಪೂರ್ತಿ ಅವಳ ಮೇಲೆಯೇ ಬಿತ್ತು.

ಇನ್ನು ನಮ್ಮತ್ತಿಗೆ, ಅಂದರೆ ಕವಿತಾಳ ತಾಯಿ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಈ ಕಣಿವೆಗೆ ಬಂದು ನೆಲೆಸಿದ ಒಕ್ಕಲು ನಮ್ಮದು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ದ್ರಾಕ್ಷಿ ಚಪ್ಪರದ ಕೆಲಸದಲ್ಲಿ ಅತ್ತಿಗೆಯನ್ನು ಮೀರಿಸುವವರಿಲ್ಲ. ಕೊಯ್ಲು ಹತ್ತಿರ ಬಂದಾಗ ನಾವು ಚಪ್ಪರಕ್ಕೆ ನೀರು ಬಿಡುವುದಿಲ್ಲ. ಬಿಟ್ಟರೆ ಹಣ್ಣು ಊದಿ ಸಿಪ್ಪೆ ಬಿರಿಯುತ್ತದೆ. ಕೂಸಿನ ತಲೆಯಲ್ಲಿ ನೀರು ಹೆಚ್ಚಾಗಿದೆ ಎಂದು ಕೇಳಿದ ಅತ್ತಿಗೆ ಯಾರಿಗೂ ಹೇಳದೆ ಮಗಳ ನೀರು ನಿಲ್ಲಿಸಿದರು. ಎಳನೀರು ನಿಂತಿತು, ಮಜ್ಜಿಗೆ ನಿಂತಿತು, ಊಟದ ಮುಂದೆ ಅರ್ಧ ಲೋಟ ನೀರು. ಬೇಸಿಗೆಯ ಬಿಸಿಲಲ್ಲಿ ಹುಡುಗಿಯ ತುಟಿ ಒಡೆದಿತ್ತು. ಚಿಂತೆಯಿಂದ ಬಾಡಿದ್ದಾಳೆ ಎಂದೇ ನಾನು ತಿಳಿದಿದ್ದೆ.

ದೊಡ್ಡ ಸ್ಕ್ಯಾನಿಗೆಂದು ದಿಂಡುಗಲ್‌ಗೆ ಹೋದಾಗ ವಿಷಯ ಹೊರಬಿತ್ತು. ಡಾಕ್ಟರಮ್ಮ ಅವಳ ತುಟಿ ನೋಡಿ, ಏಕಮ್ಮಾ, ನೀರು ಕುಡಿಯುವುದಿಲ್ಲವೇ ಎಂದು ತಮಿಳಿನಲ್ಲಿ ಕೇಳಿದರು. ಕವಿತಾ ತಾಯಿಯ ಮುಖ ನೋಡಿದಳು. ಅತ್ತಿಗೆ ದ್ರಾಕ್ಷಿಯ ಕಥೆಯನ್ನೆಲ್ಲ ಹೇಳಿದರು. ಡಾಕ್ಟರಮ್ಮ ನಗಲಿಲ್ಲ. "ಅಮ್ಮಾ, ಇದು ತಾಯಿ ಕುಡಿದ ನೀರಲ್ಲ. ಕೂಸು ತನ್ನ ಮಿದುಳಿನಲ್ಲೇ ಮಾಡಿಕೊಳ್ಳುವ ನೀರು. ಮೊದಲು ಇವಳಿಗೆ ಕುಡಿಯಲು ಕೊಡಿ" ಎಂದರು. ಅತ್ತಿಗೆ ಬಾಟಲಿ ತೆಗೆದು ಮಗಳ ಕೈಗಿಟ್ಟು, ನನ್ನ ಕಡೆ ತಿರುಗಿ ಅತ್ತುಬಿಟ್ಟರು. "ನಾನೇ ಕೆಡ್ಸಿಬಿಟ್ನಾ ತಂಬಿ, ಕೂಸ್ನಾ?"

ಇಲ್ಲ, ಯಾರೂ ಕೆಡಿಸಿರಲಿಲ್ಲ. ಡಾಕ್ಟರಮ್ಮ ಚಿತ್ರ ತೋರಿಸಿ ವಿವರಿಸಿದರು. ಕೋಣೆ ಸ್ವಲ್ಪವೇ ಅಗಲವಾಗಿದೆ, ಮಿದುಳಿನ ಉಳಿದ ಭಾಗ ಸರಿಯಾಗಿದೆ. ಸೋಂಕು ಇದೆಯೇ ಎಂದು ರಕ್ತ ನೋಡಬೇಕು, ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಇಂಥ ಕೂಸುಗಳಲ್ಲಿ ಹೆಚ್ಚಿನವು ಎಲ್ಲ ಮಕ್ಕಳಂತೆಯೇ ಬೆಳೆಯುತ್ತವೆ, ಕೆಲವಕ್ಕೆ ಮಾತು, ನಡಿಗೆ ತಡವಾಗುವುದುಂಟು. ಇದು ಯಾವ ಗುಂಪಿನದು ಎಂದು ಈಗಲೇ ಹೇಳಲು ತಮ್ಮಿಂದಾಗದು ಎಂದೂ ಹೇಳಿದರು. ಆ ಕೊನೆಯ ಮಾತಿಗಾಗಿ ನಾನು ಅವರನ್ನು ಮೆಚ್ಚಿದೆ. ನಮಗೆ ಬೇಕಾಗಿದ್ದುದೇನೋ ಸುಳ್ಳಾದರೂ ಸರಿ, ಒಂದು ಭರವಸೆ.

ವಾಪಸು ಬರುವಾಗ ಬಸ್ಸಿನಲ್ಲಿ ಕವಿತಾ ನೀರು ಕುಡಿಯುತ್ತಲೇ ಇದ್ದಳು. ತೇನಿ ದಾಟಿದ ಮೇಲೆ ಹೊಟ್ಟೆ ಮುಟ್ಟಿಕೊಂಡು ನನ್ನ ಕಡೆ ತಿರುಗಿ, "ಚಿತ್ತಪ್ಪಾ, ತಣ್ಣಿ ಕುಡಿದ್ರೆ ಇದು ಒದೀತೈತೆ. ನಾ ಇದ್ನಾ ಬಿಡಲ್ಲ. ತಡವಾಗಿ ನಡೆದ್ರೆ ನಡೀಲಿ, ನಮ್ಗೇನ್ ಅರ್ಜೆಂಟು?" ಎಂದಳು. ಬಸ್ಸು ನಿಂತಲ್ಲಿ ಇಳಿದು ಅವಳಿಗೊಂದು ಎಳನೀರು ತಂದೆ.

ಮುಂದಿನ ಅಳತೆಯಲ್ಲಿ ಕೋಣೆ ಬೆಳೆದಿರಲಿಲ್ಲ. ಹುಟ್ಟಿದ್ದು ಹೆಣ್ಣು, ಆಸ್ಪತ್ರೆಯೇ ಅದುರುವಂತೆ ಅತ್ತಳು. ಶಾಲೆಗೆ ಸೇರುವವರೆಗೂ ಒಂದು ಕಣ್ಣಿಟ್ಟಿರಿ ಎಂದರು ಡಾಕ್ಟರಮ್ಮ. ನಾವು ಮನೆಮಂದಿಯೆಲ್ಲ ಎರಡೆರಡು ಕಣ್ಣನ್ನೂ ಇಟ್ಟೆವು. ಅತ್ತಿಗೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ತಿರುಗುತ್ತಾಳೋ ಎಂದು ನೋಡುವರು. ಅಣ್ಣ ಚಮಚ ಆಡಿಸುವನು. ನಾನು ದಿನವೂ ಸ್ಕೂಟರಿನ ಬೀಗದ ಕೈಯನ್ನು ಅವಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಣಿಸುವೆ. ಪಾಪ, ಅಷ್ಟು ಪರೀಕ್ಷೆಗಳನ್ನು ನಾನು ಇಡೀ ಜನ್ಮದಲ್ಲಿ ಬರೆದಿಲ್ಲ.

ನಡೆಯುವುದನ್ನು ಅವಳು ನಿಜಕ್ಕೂ ತುಸು ತಡವಾಗಿಯೇ ಕಲಿತಳು. ಮೊನ್ನೆ ತೋಟದಲ್ಲಿ ನಾನು ಎಂದಿನಂತೆ ಬೀಗದ ಕೈ ಕುಣಿಸಿದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಕೈ ಚಾಚಿ ಅದನ್ನು ಕಿತ್ತುಕೊಂಡು, ತೂರಾಡುತ್ತ ನಡೆದುಹೋಗಿ ಕಾಲುವೆಗೆ ಎಸೆದು, ತಿರುಗಿ ನನ್ನನ್ನು ನೋಡಿ ನಕ್ಕಳು.

ನಾನು ಮಂಡಿವರೆಗೆ ಕೆಸರಿಗಿಳಿದು ತಡಕಾಡುತ್ತಿದ್ದೆ. ಚಪ್ಪರದ ಕೆಳಗಿನಿಂದ ಅತ್ತಿಗೆಯ ದನಿ ಬಂತು: "ಸಾಕು ಬಿಡು ತಂಬಿ, ಪರೀಕ್ಷೆ ಮಾಡಿದ್ದು. ಕೂಸಿನ ಕೂಡ ಆಟ ಆಡು."

ಹುಡುಕುವುದನ್ನು ಬಿಟ್ಟು ಅವಳನ್ನೂ ಕೆಸರಿಗೆ ಇಳಿಸಿಕೊಂಡೆ.